ಕತ್ತರಿಸುವುದೂ ಬೆಸೆಯುವುದೂ ಒಂದೇ ಕಿಣ್ವ

ಲ್ಯಾಮ್ಡಾ ವೈರಸ್ ಈ. ಕೋಲೈ ಬ್ಯಾಕ್ಟೀರಿಯಾದೊಳಗೆ ಹೊಕ್ಕ ಮೇಲೆ ಕೆಲವೊಮ್ಮೆ ಅದನ್ನು ಕೊಲ್ಲುವುದೇ ಇಲ್ಲ. ತನ್ನ ಡಿಎನ್‌ಎಯನ್ನು ಬ್ಯಾಕ್ಟೀರಿಯಾದ ಡಿಎನ್‌ಎಗೆ ಸೇರಿಸಿ, ತಲೆಮಾರುಗಟ್ಟಲೆ ಸುಮ್ಮನೆ ಉಳಿದುಬಿಡುತ್ತದೆ. ಸೇರಿಕೊಳ್ಳುವ ಜಾಗವೂ ಸಾಮಾನ್ಯವಾಗಿ ಒಂದೇ: ಗ್ಯಾಲಕ್ಟೋಸ್ ಮತ್ತು ಬಯೋಟಿನ್‌ಗೆ ಸಂಬಂಧಿಸಿದ ಜೀನ್‌ಗಳ ನಡುವೆ. ವೈರಸ್ಸಿನ ಡಿಎನ್‌ಎ ಮೊದಲು ಉಂಗುರವಾಗಿ, ಆಮೇಲೆ ಒಂದೇ ಅದಲುಬದಲಿನಲ್ಲಿ ಒಳಸೇರುತ್ತದೆ ಎಂದು ಅಲನ್ ಕ್ಯಾಂಪ್‌ಬೆಲ್ 1962ರಲ್ಲೇ ಊಹಿಸಿದ್ದರು.

ಈ ಕೆಲಸ ಮಾಡುವುದು ಇಂಟಿಗ್ರೇಸ್ ಎಂಬ ಕಿಣ್ವ. ಅದು ಡಿಎನ್‌ಎ ಎಳೆಯನ್ನು ಕತ್ತರಿಸಿದಾಗ ತುಂಡಾದ ತುದಿ ಸಡಿಲವಾಗಿ ತೇಲುವುದಿಲ್ಲ. ಕಿಣ್ವದಲ್ಲಿರುವ ಟೈರೋಸಿನ್ ಆ ತುದಿಯನ್ನು ರಾಸಾಯನಿಕ ಬಂಧದಿಂದ ಹಿಡಿದುಕೊಂಡಿರುತ್ತದೆ. ಕತ್ತರಿಸಿದಾಗಿನ ಶಕ್ತಿ ಆ ಬಂಧದಲ್ಲೇ ಉಳಿದು, ಹೊಸ ಜೋಡಿಯೊಂದಿಗೆ ಬೆಸೆಯಲು ಒದಗುತ್ತದೆ. ಶಕ್ತಿ ಕೊಡುವ ಎಟಿಪಿ ಅಣು ಬೇಡ, ತುದಿಗಳನ್ನು ಅಂಟಿಸುವ ಲೈಗೇಸ್ ಕಿಣ್ವವೂ ಬೇಡ. ನನಗಂತೂ ಇದು ಜೀವರಸಾಯನದ ಅತ್ಯಂತ ಸೊಗಸಾದ ಏರ್ಪಾಡುಗಳಲ್ಲೊಂದು.

ಜೀನ್ ಕ್ಲೋನಿಂಗ್‌ನ ಹಳೆಯ ವಿಧಾನದಲ್ಲಿ ರೆಸ್ಟ್ರಿಕ್ಷನ್ ಕಿಣ್ವದಿಂದ ಕತ್ತರಿಸಿ ಲೈಗೇಸ್‌ನಿಂದ ಅಂಟಿಸಬೇಕು. ಇಕೋಆರ್‌ಒನ್‌ನಂಥ ಕಿಣ್ವ ಗುರುತಿಸುವುದು ಬರೀ 6 ಅಕ್ಷರ. ಅದೇ ಅನುಕ್ರಮ ನಮಗೆ ಬೇಕಾದ ಜೀನಿನ ಮಧ್ಯದಲ್ಲೂ ಇದ್ದರೆ ಜೀನೇ ತುಂಡಾಗುತ್ತದೆ. ಲ್ಯಾಮ್ಡಾದ ಕಿಣ್ವಕ್ಕೆ ಸುಮಾರು 25 ಅಕ್ಷರಗಳ ಗುರುತು ಬೇಕು. ಅದು ಆಕಸ್ಮಿಕವಾಗಿ ಜೀನಿನೊಳಗೆ ಸಿಗುವುದು ತೀರಾ ಅಪರೂಪ. ಇದನ್ನೇ ನೆಚ್ಚಿ ಬಂದದ್ದು 2000ದಲ್ಲಿ ಪ್ರಕಟವಾದ ‘ಗೇಟ್‌ವೇ’ ವಿಧಾನ.

ಒಳಸೇರಲು ಇಂಟಿಗ್ರೇಸ್ ಜೊತೆಗೆ ಬ್ಯಾಕ್ಟೀರಿಯಾದ್ದೇ ಒಂದು ಪ್ರೋಟೀನ್ ಇದ್ದರೆ ಸಾಕು. ಹೊರಬರಲು ವೈರಸ್ಸಿನ ಎಕ್ಸಿಸೇಸ್ ಕೂಡ ಬೇಕು. ಆದ್ದರಿಂದ ಯಾವ ಪ್ರೋಟೀನ್ ಹಾಕುತ್ತೇವೆ ಎಂಬುದೇ ಕ್ರಿಯೆ ಯಾವ ಕಡೆ ಸಾಗಬೇಕೆಂದು ನಿರ್ಧರಿಸುತ್ತದೆ. ಜೀನಿನ ಎರಡೂ ತುದಿಗಳಲ್ಲಿಡುವ ಗುರುತುಗಳ ಕೆಲವು ಅಕ್ಷರ ಬದಲಿಸಿ, ಎಡದ್ದು ಎಡದ್ದಕ್ಕೇ ಬಲದ್ದು ಬಲದ್ದಕ್ಕೇ ಕೂಡುವಂತೆಯೂ ಮಾಡಿದ್ದಾರೆ. ಜೀನ್ ತಿರುವುಮುರುವಾಗಿ ಕೂರುವುದಿಲ್ಲ.

ಇನ್ನೂ ಜಾಣತನದ್ದು ಸಿಸಿಡಿಬಿ ಎಂಬ ವಿಷಜೀನ್. ಜೀನ್ ಸೇರಬೇಕಾದ ಪ್ಲಾಸ್ಮಿಡ್ ಎಂಬ ಉಂಗುರದಂಥ ಡಿಎನ್‌ಎಯಲ್ಲಿ, ಆ ಜೀನಿನ ಜಾಗದಲ್ಲಿ ಮೊದಲು ಇದನ್ನು ಇಟ್ಟಿರುತ್ತಾರೆ. ಅದಲುಬದಲು ಆಗದಿದ್ದರೆ ಈ ಜೀನಿನ ಪ್ರೋಟೀನ್ ಬ್ಯಾಕ್ಟೀರಿಯಾದ ಗೈರೇಸ್ ಕಿಣ್ವವನ್ನು ಕೆಡಿಸಿ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಹಾಗಾಗಿ ಮರುದಿನ ಬೆಳಿಗ್ಗೆ ಪೆಟ್ರಿ ತಟ್ಟೆಯಲ್ಲಿ ಕಾಣುವ ಬಿಳಿ ಚುಕ್ಕೆಗಳಲ್ಲಿ ಬಹುಪಾಲು ಸರಿಯಾದವೇ.

ಜೋಡಣೆಯಾದ ಕಡೆ ಗುರುತಿನ ಅಕ್ಷರಗಳು ಉಳಿದು, ಕೆಲವೊಮ್ಮೆ ಪ್ರೋಟೀನಿಗೆ ಒಂದಷ್ಟು ಅಮೈನೋ ಆಮ್ಲ ಹೆಚ್ಚಾಗಿ ಸೇರುವುದುಂಟು. ಒಂದೇ ಜೀನಿನ ಮೇಲೆ ಸೂಕ್ಷ್ಮ ಕೆಲಸ ಮಾಡುವವರಿಗೆ ಇದು ತೊಡಕೇ. ಆದರೆ ಸಾವಿರಾರು ಜೀನ್‌ಗಳನ್ನು ಒಟ್ಟಿಗೆ ಕ್ಲೋನ್ ಮಾಡುವವರಿಗೆ ಇದರಷ್ಟು ಅನುಕೂಲದ್ದು ಆಗ ಬೇರೆ ಇರಲಿಲ್ಲ: ಸಿ. ಎಲಿಗಾನ್ಸ್ ಹುಳುವಿನ 10,000ಕ್ಕೂ ಹೆಚ್ಚು ಜೀನ್‌ಗಳನ್ನು ಮಾರ್ಕ್ ವಿಡಾಲ್ ತಂಡ 2003ರ ಹೊತ್ತಿಗೆ ಹೀಗೆಯೇ ಕ್ಲೋನ್ ಮಾಡಿಟ್ಟಿತ್ತು.