ಗಾಡಿಯ ಕಮಾನು, ದೋಣಿಯ ಡೇರೆ

ಮದ್ದೂರು, ಮಳವಳ್ಳಿ ಕಡೆಯ ಹಿರಿಯರನ್ನು ಕೇಳಿ ನೋಡಿ. ಕಮಾನು ಗಾಡಿ ಕಟ್ಟಿಕೊಂಡು ಜಾತ್ರೆಗೆ ಹೊರಟ ರಾತ್ರಿಗಳ ನೆನಪು ಹಲವರಲ್ಲಿ ಇನ್ನೂ ಹಸಿರಾಗಿದೆ. ಗಾಡಿಯ ತಳಕ್ಕೆ ಹುಲ್ಲು, ಅದರ ಮೇಲೆ ಜಮಖಾನ, ನೆತ್ತಿಯ ಮೇಲೆ ಬಾಗಿಸಿದ ಬಿದಿರಿನ ದಬ್ಬೆಗಳಿಗೆ ಬಿಗಿದ ಚಾಪೆ. ದಾರಿಯಲ್ಲೇ ನಿದ್ದೆ ಹೋದ ಮಕ್ಕಳು ಕಣ್ಣು ಬಿಡುವ ಹೊತ್ತಿಗೆ ಜಾತ್ರೆಯ ಮಾಳ ಬಂದಿರುತ್ತಿತ್ತು. ಈಗ ಆ ಗಾಡಿಗಳು ಅಪರೂಪ. ಆದರೆ ಅದೇ ಕಮಾನು ಇಂದಿಗೂ ಬೇರೆ ದೇಶಗಳಲ್ಲಿ ಪುಟ್ಟ ಹಾಯಿದೋಣಿಗಳ ಮೇಲೆ ಏಳುತ್ತದೆ. ದಡದ ಬಳಿ ಲಂಗರು ಹಾಕಿ ರಾತ್ರಿ ಕಳೆಯುವವರಿಗೆ ಅದೇ ಮನೆ.

ಇಂಗ್ಲೆಂಡಿನ ವೇಫೇರರ್ ಎಂಬ ದೋಣಿಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಇಯಾನ್ ಪ್ರಾಕ್ಟರ್ ರೂಪಿಸಿದ ಇದರ ಉದ್ದ ಸುಮಾರು 16 ಅಡಿ, ಅಗಲ 6 ಅಡಿ. ಮೇಲೆ ಮಾಡಿಲ್ಲ, ಒಳಗೆ ಕೋಣೆಯಿಲ್ಲ. ಫ್ರಾಂಕ್ ಡೈ ಎಂಬಾತ ಒಬ್ಬ ಜೊತೆಗಾರನೊಂದಿಗೆ 1963ರಲ್ಲಿ ಇಂಥ ದೋಣಿಯಲ್ಲೇ ಸ್ಕಾಟ್ಲೆಂಡಿನಿಂದ ಐಸ್‌ಲೆಂಡಿಗೆ ಹೋದ. ಮರುವರ್ಷ ನಾರ್ವೆಯತ್ತ ಹೊರಟಾಗ ಬಿರುಗಾಳಿಗೆ ಸಿಕ್ಕಿ ದೋಣಿ ಮಗುಚಿತು, ಕೂವೆಮರ ಮುರಿಯಿತು. ಆದರೂ ದಡ ಸೇರಿದ. ಅಂಥ ಕಡಲಿನಲ್ಲಿ ಡೇರೆ ಎತ್ತುವಂತಿಲ್ಲ. ಗಾಳಿಗೆ ಅದೂ ಒಂದು ಹಾಯಿಯೇ. ಡೇರೆ ಇರುವುದು ದೋಣಿ ನಿಂತ ಮೇಲೆ, ಅಲೆ ಶಾಂತವಾಗಿರುವ ಕಡೆ. ಹೀಗಾಗಿ ಬೇಗ ಕಟ್ಟಲು, ಅದಕ್ಕಿಂತ ಬೇಗ ಬಿಚ್ಚಲು ಬರುವುದೇ ಒಳ್ಳೆಯ ಡೇರೆಯ ಮೊದಲ ಲಕ್ಷಣ.

ಎರಡನೆಯದು ಲೆಕ್ಕ. ದೋಣಿ 6 ಅಡಿ ಅಗಲವಿದೆಯೆಂದು 6 ಅಡಿ ಬಟ್ಟೆ ಕತ್ತರಿಸಿದರೆ ಕೆಲಸ ಕೆಟ್ಟಿತು. ಕಮಾನು ಅರ್ಧ ವೃತ್ತ. 6ನ್ನು 3.14ರಿಂದ ಗುಣಿಸಿ ಅರ್ಧ ಮಾಡಿದರೆ ಸುಮಾರು 9.4 ಅಡಿ. ಮಳೆನೀರು ದೋಣಿಯ ಒಳಗಿಳಿಯದೆ ಹೊರಗೆ ಬೀಳಲು ಎರಡೂ ಬದಿಗೆ ಅರ್ಧರ್ಧ ಅಡಿ ಸೇರಿಸಿದರೆ 10.4 ಅಡಿ. ಶಾಲೆಯಲ್ಲಿ ಕಲಿತ ವೃತ್ತದ ಸುತ್ತಳತೆ ಇಲ್ಲಿ ಕೈಗೆ ಬರುತ್ತದೆ. ಈ ಕಮಾನಿನ ನೆತ್ತಿ ದೋಣಿಯ ಅಂಚಿನಿಂದ 3 ಅಡಿ ಎತ್ತರ. ದೋಣಿಯ ಆಳವೂ ಸೇರುವುದರಿಂದ ಒಳಗೆ ಆರಾಮವಾಗಿ ಕೂರಬಹುದು.

ಮೂರನೆಯದು ಗಾಳಿ. ಲಂಗರು ಹಾಕಿದ ದೋಣಿ ಸಾಮಾನ್ಯವಾಗಿ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ. ಆದ್ದರಿಂದ ಡೇರೆಯ ಮುಂಭಾಗ ತಗ್ಗಾಗಿ ಇಳಿಜಾರಾಗಿರಬೇಕು, ಬಾಗಿಲು ಹಿಂದಕ್ಕಿರಬೇಕು. ಹಾಗೆಂದು ಪೂರ್ತಿ ಮುಚ್ಚಬಾರದು. ಮಲಗಿದವರ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ; ಮಳೆಯೇ ಇಲ್ಲದಿದ್ದರೂ ಬೆಳಗಾಗುವಷ್ಟರಲ್ಲಿ ಹಾಸಿಗೆ ಒದ್ದೆ. ಗಾಡಿಯ ಕಮಾನು ಹಿಂದೆ ಮುಂದೆ ತೆರೆದಿರುತ್ತಿದ್ದುದರಿಂದ ಅಲ್ಲಿ ಈ ತೊಂದರೆಯಿರಲಿಲ್ಲ. ದೋಣಿಯ ಡೇರೆಗೂ ಎರಡು ತುದಿಯಲ್ಲಿ ಮಳೆ ತಾಗದಂತೆ ಕಿಂಡಿ ಬಿಡಬೇಕು. ಮುಚ್ಚಿದ ಡೇರೆಯೊಳಗೆ ಸ್ಟೌ, ಕೆಂಡ ಯಾವುದೂ ಕೂಡದು. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ.

ಹಾಗಾದರೆ ನಮ್ಮ ತೆಪ್ಪಕ್ಕೆ ಕಮಾನು ಕಟ್ಟಬಹುದೇ? ಬೇಡ. ಗುಂಡಗಿನ ತೆಪ್ಪಕ್ಕೆ ಹಿಂದು ಮುಂದೆಂಬುದಿಲ್ಲ. ಗಾಳಿ ಹಿಡಿದರೆ ಬುಗುರಿಯಂತೆ ಸುತ್ತೀತು. ಶಿವನಸಮುದ್ರ, ಮುತ್ತತ್ತಿಯ ಕಡೆ ಕಾವೇರಿ ಬಂಡೆಗಳ ನಡುವೆ ರಭಸದಿಂದ ಹರಿಯುತ್ತಾಳೆ, ಸುಳಿಗಳೂ ಇವೆ. ಅಲ್ಲಿ ನೀರಿನ ಮೇಲೆ ರಾತ್ರಿ ಕಳೆಯುವ ಮಾತೇ ಸಲ್ಲ.

ಕಲಿಯಲು ನೀರೇ ಬೇಕಿಲ್ಲ, ಅಂಗಳದ ಮಂಚ ಸಾಕು. 3 ಅಡಿ ಅಗಲದ ಮಂಚಕ್ಕೆ 4.7 ಅಡಿ ಉದ್ದದ ನಾಲ್ಕು ಬಿದಿರಿನ ದಬ್ಬೆ ಸೀಳಿಸಿ. ಹಸಿ ಬಿದಿರು ಸುಲಭವಾಗಿ ಬಾಗುತ್ತದೆ. ಅಂಚನ್ನು ಚೆನ್ನಾಗಿ ಹೆರೆಯದಿದ್ದರೆ ಬಟ್ಟೆ ಹರಿಯುತ್ತದೆ, ಕೈಯೂ ಕುಯ್ಯುತ್ತದೆ. ತುದಿಗಳನ್ನು ಮಂಚದ ಎರಡೂ ಪಟ್ಟಿಗೆ ಬಿಗಿದು, ನೆತ್ತಿಯ ಮೇಲೆ ಉದ್ದಕ್ಕೊಂದು ದಬ್ಬೆ ಕಟ್ಟಿ, ಹಳೆಯ ಟಾರ್ಪಾಲು ಹೊದಿಸಿ. ಮೇಲೆ ಒಂದು ಕೊಡ ನೀರು ಸುರಿದು ಎಲ್ಲಿ ನಿಲ್ಲುತ್ತದೆ, ಎಲ್ಲಿ ಒಳಗಿಳಿಯುತ್ತದೆ ನೋಡಿ. ಈ ಕಮಾನು ಒಂದೂವರೆ ಅಡಿ ಮಾತ್ರ ಏಳುವುದರಿಂದ ಮಲಗಬಹುದು, ಕೂರಲಾಗದು. ಕೂರುವಷ್ಟು ಎತ್ತರ ಬೇಕಾದರೆ ಏನು ಮಾಡಬೇಕು? ಉತ್ತರ ಗಾಡಿಯಲ್ಲೂ ಇದೆ, ದೋಣಿಯಲ್ಲೂ ಇದೆ: ಕಮಾನಿನ ಕೆಳಗೆ ನೆಟ್ಟನೆಯ ಪಕ್ಕ.

ಎರಡೂ ತುದಿ ತೆರೆದು ಒಂದು ರಾತ್ರಿ, ಒಂದು ತುದಿ ಮಾತ್ರ ತೆರೆದು ಇನ್ನೊಂದು ರಾತ್ರಿ ಅದರೊಳಗೆ ಮಲಗಿ ನೋಡಿ. ಬೆಳಗ್ಗೆ ಟಾರ್ಪಾಲಿನ ಒಳಮೈ ಮುಟ್ಟಿದರೆ ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ. ದಬ್ಬೆ ಸೀಳಿಸುವಾಗ, ಗಂಟು ಹಾಕುವಾಗ ತಂದೆ ತಾಯಿ ಜೊತೆಗಿರಲಿ. ಮನೆಯಲ್ಲಿ ಕಮಾನು ಗಾಡಿ ಕಟ್ಟಿ ಗೊತ್ತಿರುವ ಅಜ್ಜನಿದ್ದರೆ ಮೊದಲು ಅವರನ್ನೇ ಕರೆಯಿರಿ. ಮಕ್ಕಳ ಹತ್ತಿರ ಲೆಕ್ಕವಿದೆ, ಅಜ್ಜನ ಕೈಯಲ್ಲಿ ಗಂಟಿದೆ. ಅಜ್ಜ ಇರುವಾಗಲೇ ಆ ಗಂಟನ್ನು ಕಲಿತುಕೊಳ್ಳಬೇಕು.