ಆಟ ಶುರುವಾಗುವ ಮೊದಲೇ ಗೆದ್ದ ಹಾಡು

‘ಬಾಬಾ ಯೇತು’ ವಿಡಿಯೊ ಗೇಮ್‌ಗೆಂದೇ ಹುಟ್ಟಿ ಗ್ರ್ಯಾಮಿ ಪ್ರಶಸ್ತಿ ಪಡೆದ ಮೊದಲ ಹಾಡು. ಅಮೆರಿಕದ ಸಂಯೋಜಕ ಕ್ರಿಸ್ಟೋಫರ್ ಟಿನ್ ರಚಿಸಿದ ಈ ಹಾಡು ಕೇಳುಗರ ಕಿವಿಗೆ ಬಿದ್ದದ್ದು 2005ರಲ್ಲಿ, ಪ್ರಶಸ್ತಿ ಬಂದದ್ದು 2011ರಲ್ಲಿ. ಈ ನಡುವೆ ಹಾಡಿನ ಧಾಟಿಯೂ ಸಾಹಿತ್ಯವೂ ಹಾಗೆಯೇ ಉಳಿದವು. ಗೇಮ್‌ನ ಮೆನುವಿನಲ್ಲಿದ್ದದ್ದು ಆಲ್ಬಮ್ಮಿಗೆ ಬಂತು, ಪ್ರಶಸ್ತಿಗೆ ದಾರಿಯಾದದ್ದು ಅದೇ. ಸಂಗೀತಲೋಕ ಗೇಮ್ ಸಂಗೀತವನ್ನು ಎಷ್ಟು ತಡವಾಗಿ, ಎಂಥ ಬಳಸುದಾರಿಯಲ್ಲಿ ಒಳಗೆ ಬಿಟ್ಟುಕೊಂಡಿತು ಎಂಬುದಕ್ಕೆ ಈ ಒಂದು ಹಾಡಿನ ಕಥೆಯೇ ಸಾಕ್ಷಿ.

ಟಿನ್ ಹುಟ್ಟಿದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಸಂಯೋಜನೆಯ ಜೊತೆಗೆ ಇಂಗ್ಲಿಷ್ ಸಾಹಿತ್ಯವನ್ನೂ ಓದಿದರು. ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಕಲಿತರು. ಸ್ಟ್ಯಾನ್‌ಫೋರ್ಡ್ ದಿನಗಳಲ್ಲಿ ಅವರೊಡನೆ ಕೋಣೆ ಹಂಚಿಕೊಂಡಿದ್ದ ಗೆಳೆಯ ಸೋರೆನ್ ಜಾನ್ಸನ್ ಮುಂದೆ ಗೇಮ್ ವಿನ್ಯಾಸಕರಾದರು. ಫಿರಾಕ್ಸಿಸ್ ಕಂಪನಿ ‘ಸಿವಿಲೈಸೇಷನ್ 4’ ಗೇಮ್ ರೂಪಿಸುವಾಗ ಅದರ ಮುಖ್ಯ ವಿನ್ಯಾಸಕ ಇದೇ ಜಾನ್ಸನ್. ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಗೆಳೆಯರು ಮತ್ತೆ ಭೇಟಿಯಾದರು, ಟಿನ್‌ಗೆ ಆರಂಭಗೀತೆ ಬರೆಯುವ ಅವಕಾಶ ಒದಗಿತು. ಸಂಸ್ಥೆಯ ನೌಕರನಲ್ಲದ, ಸ್ವತಂತ್ರವಾಗಿ ದುಡಿಯುವ ಸಂಯೋಜಕನಿಗೆ ಹೀಗೆ ಹಳೆಯ ಪರಿಚಯವೇ ಬಾಗಿಲು ತೆರೆಯಿತು.

ಸಿವಿಲೈಸೇಷನ್ ಸರಣಿಯಲ್ಲಿ ಆಟಗಾರ ಒಂದು ನಾಗರಿಕತೆಯನ್ನು ಸಣ್ಣ ನೆಲೆಯಿಂದ ಆರಂಭಿಸಿ ಬಾಹ್ಯಾಕಾಶ ಯುಗದವರೆಗೆ ನಡೆಸುತ್ತಾನೆ. ನಾಲ್ಕನೇ ಆವೃತ್ತಿಯಲ್ಲಿ ಯುಗ ಬದಲಾದಂತೆ ಹಿನ್ನೆಲೆಯ ಸಂಗೀತವೂ ಬದಲಾಗುತ್ತಿತ್ತು. ಬೀಥೋವನ್, ಡ್ವೊರ್ಜಾಕ್‌ರ ಕೃತಿಗಳು ಬಂದುಹೋಗಿ, ಆಧುನಿಕ ಯುಗ ಮುಟ್ಟುವ ಹೊತ್ತಿಗೆ ಜಾನ್ ಆಡಮ್ಸ್‌ರ ಕೃತಿಗಳು ಕೇಳಿಸುತ್ತಿದ್ದವು. ಸಭಾಂಗಣಗಳಲ್ಲಿ ಆಗಲೇ ಮನ್ನಣೆ ಪಡೆದಿದ್ದ ಸಂಗೀತ ಹೀಗೆ ಗೇಮ್‌ನೊಳಕ್ಕೆ ಬಂದಿತ್ತು. ಗೇಮ್‌ನಿಂದ ಹೊರಟು ಸಭಾಂಗಣ ಸೇರಿದ್ದು ಮಾತ್ರ ಟಿನ್ ಅವರ ಆರಂಭಗೀತೆ.

ಮೆನು ತೆರೆದರೆ ಪರದೆಯ ಮೇಲೆ ಬಾಹ್ಯಾಕಾಶದಿಂದ ಕಂಡ ಭೂಮಿ ನಿಧಾನವಾಗಿ ತಿರುಗುತ್ತಿರುತ್ತದೆ. ಆಗ ಕೇಳಿಸುವುದು ‘ಬಾಬಾ ಯೇತು’. ಇದರ ಸಾಹಿತ್ಯ ಯೇಸು ಕ್ರಿಸ್ತ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯ ಸ್ವಾಹಿಲಿ ರೂಪ. ಭಜನಾ ಮಂಡಳಿಯಲ್ಲಿ ಒಬ್ಬರು ಎತ್ತಿಕೊಟ್ಟದ್ದನ್ನು ಉಳಿದವರು ಹಿಡಿಯುವಂತೆ ಏಕಕಂಠಕ್ಕೆ ವೃಂದ ಉತ್ತರ ಕೊಡುತ್ತದೆ. ತಾಳವಾದ್ಯ ಸೇರುತ್ತದೆ, ಬರಬರುತ್ತಾ ಪೂರ್ಣ ವಾದ್ಯವೃಂದವೇ ಜೊತೆಯಾಗುತ್ತದೆ. ಗೇಮ್‌ಗಾಗಿ ಹಾಡಿದವರು ಸ್ಟ್ಯಾನ್‌ಫೋರ್ಡ್‌ನ ‘ಟ್ಯಾಲಿಸ್ಮನ್’ ಗಾಯನ ತಂಡ ಮತ್ತು ಏಕಕಂಠ ಗಾಯಕ ರಾನ್ ರ‍್ಯಾಗಿನ್. ಆಟಗಾರ ಗುಂಡಿಯೊತ್ತಿ ಮುಂದೆ ಹೋಗುವವರೆಗಿನ ಬಿಡುವನ್ನು ತುಂಬುವುದಷ್ಟೇ ಮೆನು ಸಂಗೀತದ ಕೆಲಸ ಎಂದುಕೊಂಡಿದ್ದವರಿಗೆ ಇಲ್ಲಿ ಮೂರು ನಿಮಿಷ ಮೀರಿದ, ಆದಿ ಅಂತ್ಯಗಳುಳ್ಳ ಇಡೀ ಹಾಡೇ ಸಿಕ್ಕಿತು. ಆಟ ಆರಂಭಿಸದೆ ಮೆನುವಿನಲ್ಲೇ ಕುಳಿತು ಹಾಡು ಮುಗಿಯುವವರೆಗೂ ಕೇಳಿದ ಆಟಗಾರರು ಎಷ್ಟೋ ಮಂದಿ.

ಗೇಮ್ ಸಂಗೀತವನ್ನು ವಾದ್ಯವೃಂದದಿಂದ ನುಡಿಸುವ ‘ವಿಡಿಯೊ ಗೇಮ್ಸ್ ಲೈವ್’ ಕಛೇರಿಗಳು ಈ ಹಾಡನ್ನು ಊರೂರಿಗೆ ಒಯ್ದವು. ಗೇಮ್ ಆಡಿಯೇ ಗೊತ್ತಿಲ್ಲದ ಗಾಯನ ವೃಂದಗಳೂ ಕಲಿತು ಹಾಡತೊಡಗಿದವು. ಆದರೂ ಸಂಗೀತದ ದೊಡ್ಡ ಪ್ರಶಸ್ತಿಗಳ ಲೆಕ್ಕದಲ್ಲಿ ಅದಕ್ಕೆ ಜಾಗವಿರಲಿಲ್ಲ.

2009ರಲ್ಲಿ ಟಿನ್ ‘ಕಾಲಿಂಗ್ ಆಲ್ ಡಾನ್ಸ್’ ಆಲ್ಬಮ್ಮನ್ನು ಸ್ವತಂತ್ರವಾಗಿ ಹೊರತಂದರು. ನುಡಿಸಿದ್ದು ಲಂಡನ್ನಿನ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ. ಇದರಲ್ಲಿರುವುದು ಹನ್ನೆರಡು ಭಾಷೆಗಳ ಹನ್ನೆರಡು ಹಾಡು. ಹಗಲು, ಇರುಳು, ಬೆಳಗು ಎಂಬ ಮೂರು ಭಾಗಗಳಲ್ಲಿ ಬದುಕು, ಸಾವು, ಮರುಹುಟ್ಟು. ಹಾಡುಗಳು ನಡುವೆ ನಿಲ್ಲದೆ ಒಂದಕ್ಕೊಂದು ಹೆಣೆದುಕೊಂಡು ಸಾಗುತ್ತವೆ, ಕೊನೆಯದು ಮತ್ತೆ ಮೊದಲನೆಯದರತ್ತ ತಿರುಗುತ್ತದೆ. ಭಾರತದ ಕೇಳುಗರಿಗೆ ಬೆಳಗಿನ ಭಾಗ ಹತ್ತಿರದ್ದು. ಅದರಲ್ಲಿನ ‘ಶುಕ್ಲ ಕೃಷ್ಣೇ’ ಭಗವದ್ಗೀತೆಯ ಸಂಸ್ಕೃತವನ್ನೇ ಸಾಹಿತ್ಯವಾಗಿ ಉಳ್ಳದ್ದು. ಹಿಂದಿರುಗದ ಬೆಳಕಿನ ದಾರಿ, ಹಿಂದಿರುಗುವ ಕತ್ತಲ ದಾರಿಗಳ ಬಗ್ಗೆ ಎಂಟನೇ ಅಧ್ಯಾಯ ಹೇಳುವ ಮಾತು ಮರುಹುಟ್ಟಿನ ಭಾಗದಲ್ಲಿ ಸಹಜವಾಗಿ ಕೂತಿದೆ. ಆಲ್ಬಮ್ಮಿನ ಮೊದಲ ಹಾಡು ‘ಬಾಬಾ ಯೇತು’. ಈ ಬಾರಿ ಅದನ್ನು ಹಾಡಿದ್ದು ದಕ್ಷಿಣ ಆಫ್ರಿಕಾದ ಸೊವೆಟೊ ಗಾಸ್ಪೆಲ್ ಕ್ವಾಯರ್.

2011ರ ಫೆಬ್ರುವರಿಯಲ್ಲಿ ನಡೆದ 53ನೇ ಗ್ರ್ಯಾಮಿಯಲ್ಲಿ ಗಾಯನಕ್ಕೆ ಜೊತೆಯಾಗುವ ವಾದ್ಯ ಸಂಯೋಜನೆಯ ವಿಭಾಗದಲ್ಲಿ ‘ಬಾಬಾ ಯೇತು’ ಗೆದ್ದಿತು. ‘ಕಾಲಿಂಗ್ ಆಲ್ ಡಾನ್ಸ್’ಗೂ ಶಾಸ್ತ್ರೀಯ ಕ್ರಾಸ್‌ಓವರ್ ವಿಭಾಗದ ಪ್ರಶಸ್ತಿ ಬಂತು. ಆಗ ಗೇಮ್ ಸಂಗೀತಕ್ಕೆಂದೇ ಪ್ರತ್ಯೇಕ ವಿಭಾಗವಿರಲಿಲ್ಲ. ಲಕ್ಷಾಂತರ ಆಟಗಾರರು ಮೆಚ್ಚಿದ ಹಾಡು ಆಲ್ಬಮ್ಮಿನ ಹೆಗಲೇರಿ, ಬೇರೊಂದು ವಿಭಾಗದ ಬಾಗಿಲಲ್ಲಿ ಒಳಬರಬೇಕಾಯಿತು. ಆಲ್ಬಮ್ ಮಾಡುವ ಸಾಮರ್ಥ್ಯವಾಗಲಿ, ರಾಯಲ್ ಫಿಲ್‌ಹಾರ್ಮೋನಿಕ್‌ನಂಥ ವಾದ್ಯವೃಂದವಾಗಲಿ ಸಿಗದ ಸಂಯೋಜಕರ ಕೆಲಸ ಗೇಮ್‌ನ ಡಿಸ್ಕಿನಲ್ಲೇ ಉಳಿಯಿತು. ಆ ಡಿಸ್ಕುಗಳನ್ನು ಓದುವ ಕಂಪ್ಯೂಟರುಗಳು ಮೂಲೆ ಸೇರಿದಾಗ ಅವುಗಳೊಳಗಿನ ಸಂಗೀತವೂ ಕಿವಿಯಿಂದ ದೂರವಾಯಿತು. ಇದು ಸಣ್ಣ ನಷ್ಟವಲ್ಲ.

ಟಿನ್ ಮಾತ್ರ ಸಿಕ್ಕ ದಾರಿಯನ್ನು ಬಿಡಲಿಲ್ಲ. 2014ರ ‘ದ ಡ್ರಾಪ್ ದಟ್ ಕಂಟೇನ್ಡ್ ದ ಸೀ’ ನೀರಿನ ನಾನಾ ರೂಪಗಳ ಮೇಲಿನ ಹತ್ತು ಹಾಡುಗಳ ಕೃತಿ. ಅದರ ‘ದೇವಿಪ್ರವಾಹಂ’ ಕೂಡ ಸಂಸ್ಕೃತದ್ದೇ. 2016ರಲ್ಲಿ ‘ಸಿವಿಲೈಸೇಷನ್ 6’ಕ್ಕಾಗಿ, ಹಾರಾಟದ ಬಗ್ಗೆ ಲಿಯೊನಾರ್ಡೊ ಡ ವಿಂಚಿ ಬರೆದದ್ದನ್ನು ಆಧರಿಸಿ ‘ಸೋನ್ಯೊ ದಿ ವೊಲಾರೆ’ ರಚಿಸಿದರು. ಈ ಹಾಡು ಗೇಮ್ ಮಾರುಕಟ್ಟೆಗೆ ಬರುವ ಮೊದಲೇ ಲಂಡನ್ನಿನ ಕ್ಯಾಡಗನ್ ಹಾಲ್‌ನಲ್ಲಿ ಮೊಳಗಿತು. ಗೇಮ್‌ಗೂ ಸಭಾಂಗಣಕ್ಕೂ ಇದ್ದ ಅಂತರ ಹನ್ನೊಂದು ವರ್ಷಗಳಲ್ಲಿ ಅಷ್ಟು ಕರಗಿತ್ತು. ಇದೇ ಹಾಡು 2020ರ ‘ಟು ಶಿವರ್ ದ ಸ್ಕೈ’ ಕೃತಿಯ ಮೊದಲ ಭಾಗವಾಯಿತು. ಮನುಷ್ಯನ ಹಾರಾಟದ ಚರಿತ್ರೆಯನ್ನು ಹಾಡುವ ಈ ಕೃತಿಗೆ ಕೇಳುಗರೇ ಕಿಕ್‌ಸ್ಟಾರ್ಟರ್ ಎಂಬ ನಿಧಿ ಸಂಗ್ರಹ ತಾಣದ ಮೂಲಕ ಎರಡು ಲಕ್ಷ ಡಾಲರಿಗೂ ಹೆಚ್ಚು ಹಣ ಕೊಟ್ಟರು. 2022ರ ‘ದ ಲಾಸ್ಟ್ ಬರ್ಡ್ಸ್’ ಅಳಿದುಹೋದ ಹಕ್ಕಿಗಳ ಸ್ಮರಣೆ. ಇಟಲಿಯ ಸಂಯೋಜಕ ಪುಚ್ಚೀನಿ 1924ರಲ್ಲಿ ತೀರಿಕೊಂಡಾಗ ಅಪೂರ್ಣವಾಗಿ ಉಳಿದಿದ್ದ ‘ಟುರಾಂಡೋಟ್’ ಒಪೆರಾಕ್ಕೆ ಹೊಸ ಮುಕ್ತಾಯವನ್ನು ವಾಷಿಂಗ್ಟನ್ ನ್ಯಾಷನಲ್ ಒಪೆರಾಗಾಗಿ ಬರೆದವರೂ ಟಿನ್. ಅದು 2024ರಲ್ಲಿ ರಂಗವೇರಿತು.

ಗ್ರ್ಯಾಮಿಯಲ್ಲಿ ಗೇಮ್ ಸಂಗೀತಕ್ಕೆ ಸ್ವಂತ ವಿಭಾಗ ದೊರೆತದ್ದು 2023ರಲ್ಲಿ. ‘ಅಸಾಸಿನ್ಸ್ ಕ್ರೀಡ್ ವಲ್ಹಾಲಾ: ಡಾನ್ ಆಫ್ ರಾಗ್ನರೋಕ್’ ಸಂಗೀತಕ್ಕಾಗಿ ಸ್ಟೆಫನಿ ಎಕೊನೊಮು ಆ ವಿಭಾಗದ ಮೊದಲ ಪ್ರಶಸ್ತಿ ಪಡೆದರು. ‘ಬಾಬಾ ಯೇತು’ ಗೆದ್ದು ಆಗಲೇ ಹನ್ನೆರಡು ವರ್ಷ ಕಳೆದಿದ್ದವು. ಇನ್ನು ಮುಂದೆ ಗೇಮ್‌ಗೆ ಬರೆದ ಸಂಗೀತ ಗೇಮ್ ಸಂಗೀತವಾಗಿಯೇ ಗೆಲ್ಲಬಹುದು. ಗೆಲ್ಲಲು ಆಲ್ಬಮ್ಮಿನ ಮೊದಲ ಹಾಡಾಗಿ ಮತ್ತೊಮ್ಮೆ ಹುಟ್ಟಿಬರಬೇಕಾಗಿಲ್ಲ.