ಬೋರ್ಡು ಹಾಕುವ ಮುನ್ನ ಏಳು ವರ್ಷ

ಪಿಯುಸಿ ಫಲಿತಾಂಶ ಬಂದ ಮೇಲೆ ಸನವಳ್ಳಿಗೆ ಹೋದರೆ, ಯಾರಾದರೊಬ್ಬರು ಮಗಳನ್ನೋ ಮಗನನ್ನೋ ಕರೆದುಕೊಂಡು ಮನೆಗೆ ಬಂದೇ ಬರುತ್ತಾರೆ. ‘ಅಕ್ಕಾರ, ನಿಮ್ಮಂಗ ಆಗಬೇಕಂತಾಳ್ರಿ ಇಕಿ. ಏನ್ ಓದಬೇಕು? ಎಷ್ಟ್ ವರ್ಷ ಹಿಡಿತದ?’ ಮುಂಡಗೋಡ ತಾಲ್ಲೂಕಿನ ರೈತರ ಮನೆಯಲ್ಲಿ ಹುಟ್ಟಿ ಕ್ಲಿನಿಕಲ್ ಸೈಕಾಲಜಿಸ್ಟ್ ಆದವಳು ನಾನು. ಈ ಪ್ರಶ್ನೆ ಕೇಳಿದಾಗ ಮನಸ್ಸಿಗೆ ಹಿತವೆನಿಸುತ್ತದೆ. ನಾನು ಓದಲು ಹೊರಟಾಗ ‘ಹುಚ್ಚರ ದವಾಖಾನಿ ಯಾಕ ಬೇಕವ್ವಾ’ ಅಂದಿದ್ದ ಓಣಿಯಿದು. ಈಗ ಅದೇ ಓಣಿಯ ಮಕ್ಕಳು ಈ ಕೆಲಸಕ್ಕೆ ಬರಲು ಮುಂದಾಗಿದ್ದಾರೆ. ಅವರಿಗೆ ದಾರಿ ಸರಿಯಾಗಿ ಗೊತ್ತಿರಬೇಕು.

ಮೊದಲನೆಯದಾಗಿ, ಮನೋವೈದ್ಯರೇ ಬೇರೆ, ನಾವೇ ಬೇರೆ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಸೈಕಿಯಾಟ್ರಿಯಲ್ಲಿ ಎಂಡಿಯಂಥ ಉನ್ನತ ಪದವಿ ಪಡೆದ ಡಾಕ್ಟರು. ಔಷಧಿ ಬರೆಯುವವರು ಅವರು. ನಾವು ಓದುವುದು ಮನಶ್ಶಾಸ್ತ್ರ. ಬುದ್ಧಿಶಕ್ತಿ, ನೆನಪು, ವ್ಯಕ್ತಿತ್ವಗಳನ್ನು ಪರೀಕ್ಷಿಸುವುದು, ಮಾತಿನ ಮೂಲಕ ಚಿಕಿತ್ಸೆ ನೀಡುವುದು ನಮ್ಮ ಕೆಲಸ. ಮಾತ್ರೆ ಬರೆಯುವ ಅಧಿಕಾರ ನಮಗಿಲ್ಲ.

ದಾರಿ ಶುರುವಾಗುವುದು ಮೂರು ವರ್ಷದ ಬಿಎ ಅಥವಾ ಬಿಎಸ್ಸಿ ಪದವಿಯಿಂದ. ಅಲ್ಲಿ ಮನಶ್ಶಾಸ್ತ್ರ ಒಂದು ವಿಷಯವಾಗಿರಲಿ. ಆಮೇಲೆ ಎರಡು ವರ್ಷದ ಎಂಎ ಅಥವಾ ಎಂಎಸ್ಸಿ. ಕನ್ನಡ ನಾಡಿಗೆ ಈ ಓದು ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಆರಂಭವಾಗಿತ್ತು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ನಮ್ಮ ಭಾಗದ ಮಕ್ಕಳಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹತ್ತಿರವಿದೆ.

ಎಂಎ ಮುಗಿದ ಕೂಡಲೇ ಎಲ್ಲ ಮುಗಿಯಿತೆಂದು ಬಹಳ ಜನ ತಿಳಿದಿದ್ದಾರೆ. ಕ್ಲಿನಿಕಲ್ ಸೈಕಾಲಜಿಯಲ್ಲಿ ನಿಜವಾದ ತರಬೇತಿ ಶುರುವಾಗುವುದೇ ಅಲ್ಲಿಂದ. ಇಷ್ಟು ವರ್ಷ ಅದರ ಹೆಸರು ಎಂ.ಫಿಲ್. ಎರಡು ವರ್ಷ, ಪೂರ್ಣಾವಧಿ, ಆಸ್ಪತ್ರೆಯಲ್ಲಿಯೇ. ಎಂಎಯಲ್ಲಿ ಸಾಮಾನ್ಯವಾಗಿ ಶೇ 55 ಅಂಕ ಇರಬೇಕಿತ್ತು, ಪ್ರವೇಶ ಪರೀಕ್ಷೆ ಪಾಸಾಗಬೇಕಿತ್ತು. ಸೀಟುಗಳು ಬೆರಳೆಣಿಕೆಯಷ್ಟು. ದೇಶದಲ್ಲಿ ಇಂಥ ತರಬೇತಿ ಮೊದಲು ಬೇರೂರಿದ್ದು ಬೆಂಗಳೂರಿನಲ್ಲಿ. ಈಗ ನಿಮ್ಹಾನ್ಸ್ ಆಗಿರುವ ಸಂಸ್ಥೆ 1955ರಲ್ಲಿ ಡಿಪ್ಲೊಮಾ ರೂಪದಲ್ಲಿ ಅದನ್ನು ಆರಂಭಿಸಿತು. ಧಾರವಾಡದ ಡಿಮ್ಹಾನ್ಸ್‌ನಲ್ಲೂ ಈ ಕೋರ್ಸ್ ಬಂತು. 1845ರಷ್ಟು ಹಿಂದೆ ಹುಚ್ಚಾಸ್ಪತ್ರೆಯಾಗಿ ಶುರುವಾದ ಸಂಸ್ಥೆ ಅದು.

ಈ ಎರಡು ವರ್ಷ ಯಾಕೆ ಬೇಕು ಅನ್ನುವುದಕ್ಕೆ ನನ್ನ ತರಬೇತಿಯ ಒಂದು ಬೆಳಿಗ್ಗೆಯನ್ನು ಹೇಳುತ್ತೇನೆ. ತಾಂಡಾದಿಂದ ಏಳು ವರ್ಷದ ಹುಡುಗನನ್ನು ಕರೆತಂದಿದ್ದರು. ಶಾಲೆಯಲ್ಲಿ ಏನೂ ಕಲಿಯುವುದಿಲ್ಲ ಎಂಬ ದೂರು. ಬಿನೆಟ್–ಕಾಮತ್ ಪರೀಕ್ಷೆ ಮಾಡಬೇಕಿತ್ತು. ಫ್ರಾನ್ಸ್‌ನ ಬಿನೆಟ್ ರೂಪಿಸಿದ ಬುದ್ಧಿಶಕ್ತಿ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಧಾರವಾಡ ಕಡೆಯ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ್ದರು. ಅಂಕಿಗಳನ್ನು ಹೇಳಿ, ಅದೇ ಕ್ರಮದಲ್ಲಿ ತಿರುಗಿ ಹೇಳು ಅಂದೆ. ಹುಡುಗ ತುಟಿ ಬಿಚ್ಚಲಿಲ್ಲ. ನನ್ನ ಗೈಡ್ ಅಂಕ ಬರೆಯಲು ಬಿಡಲಿಲ್ಲ. ಹೊರಗೆ ಕೂತಿದ್ದ ಅಜ್ಜಿಯನ್ನು ಒಳಗೆ ಕರೆಸಿ, ಲಂಬಾಣಿಯಲ್ಲಿ ಮಾತಾಡಿಸಲು ಹೇಳಿದರು. ಅವನು ಮೊದಲು ಅಜ್ಜಿಯ ಸೆರಗು ಹಿಡಿದ, ಆಮೇಲೆ ಅಂಕಿ ಹೇಳತೊಡಗಿದ. ಕಿವಿಯ ಪರೀಕ್ಷೆಯೂ ಆಗಲಿ, ಇನ್ನೊಮ್ಮೆ ಬರಲಿ ಎಂದು ಗೈಡ್ ಬರೆಸಿದರು. ನಾವು ಬರೆಯುವ ಆ ಒಂದು ಸಂಖ್ಯೆಯ ಮೇಲೆ ಮಗುವಿನ ಅಂಗವಿಕಲತೆಯ ಪ್ರಮಾಣಪತ್ರ, ಮಾಸಾಶನ, ಶಾಲೆ ಎಲ್ಲ ನಿಂತಿರುತ್ತದೆ. ಮರಾಠಿ, ಲಂಬಾಣಿ, ಟಿಬೆಟನ್ ಎಲ್ಲ ಕೇಳಿಸುವ ನಮ್ಮ ತಾಲ್ಲೂಕಿನಲ್ಲಿ ಈ ಪಾಠ ಪುಸ್ತಕದಿಂದಷ್ಟೇ ಬರುವುದಲ್ಲ.

ತರಬೇತಿಯ ನಂತರ ಲೈಸೆನ್ಸ್. 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ತಾನು ಮಾನ್ಯ ಮಾಡಿದ ಕೋರ್ಸ್ ಮುಗಿಸಿದವರ ಹೆಸರನ್ನು ಕೇಂದ್ರ ನೋಂದಣಿ ಪುಸ್ತಕದಲ್ಲಿ ದಾಖಲಿಸುತ್ತದೆ. ಆಗ ಸಿಗುವುದೇ ಸಿಆರ್‌ಆರ್ ನಂಬರ್. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು, ಅದಕ್ಕಾಗಿ ಓದು-ತರಬೇತಿ ಮುಂದುವರಿಸಬೇಕು. ನೋಂದಣಿಯಿಲ್ಲದೆ ಈ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಆ ಕಾಯ್ದೆ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯಂತೆ, ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲೂ ಕ್ಲಿನಿಕಲ್ ಸೈಕಾಲಜಿಸ್ಟರ ನೋಂದಣಿಗೆ ವ್ಯವಸ್ಥೆಯಿದೆ. ತನ್ನ ವೃತ್ತಿಯ ವ್ಯಾಪ್ತಿಗೆ ಮೀರಿದ ಔಷಧಿ, ಚಿಕಿತ್ಸೆಯನ್ನು ಯಾರೂ ಸೂಚಿಸಕೂಡದು ಎಂದೂ ಆ ಕಾಯ್ದೆ ಕಟ್ಟುನಿಟ್ಟಾಗಿ ಹೇಳಿದೆ.

ಇದೆಲ್ಲ ಕಾಗದದ ಗೊಡವೆ ಅನ್ನಬೇಡಿ. ಉನ್ಮಾದದ ಕಾಯಿಲೆಗೆ ಮಾತ್ರೆ ತೆಗೆದುಕೊಂಡು ಚೆನ್ನಾಗಿ ದುಡಿಯುತ್ತಿದ್ದ ಒಬ್ಬ ಯುವಕ ನನ್ನ ಬಳಿ ಬಂದಿದ್ದ. ಅವನು ಅದಕ್ಕೂ ಮೊದಲು ಹೋಗಿದ್ದ ‘ಮನಃಪರಿವರ್ತನೆ ತಜ್ಞ’ರ ಹತ್ತಿರ ಇದ್ದದ್ದು ವಾರಾಂತ್ಯದ ಶಿಬಿರದ ಸರ್ಟಿಫಿಕೇಟು ಮಾತ್ರ. ಮಾತ್ರೆ ವಿಷ, ಬಿಡು ಎಂದು ಆ ಮನುಷ್ಯ ಹೇಳಿದ್ದರು. ಬಿಟ್ಟ. ನಿದ್ದೆ ಹೋಯಿತು, ಟ್ರ್ಯಾಕ್ಟರ್ ಮಾರಿದ, ಕಡೆಗೆ ಅಣ್ಣ-ತಮ್ಮಂದಿರು ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಗುಣವಾದ, ಆದರೆ ಟ್ರ್ಯಾಕ್ಟರ್ ತಿರುಗಿ ಬರಲಿಲ್ಲ.

ಈಗ ಓದಲು ಹೊರಟವರು ಗಮನಿಸಬೇಕಾದ ಬದಲಾವಣೆಗಳಿವೆ. ಹೊಸ ಶಿಕ್ಷಣ ನೀತಿಯಿಂದ ಎಂ.ಫಿಲ್ ನಿಂತಿದೆ. ಆದರೆ ಕ್ಲಿನಿಕಲ್ ಸೈಕಾಲಜಿಗೆ 2025–26ರ ಪ್ರವೇಶದವರೆಗೆ ಯುಜಿಸಿ ವಿನಾಯಿತಿ ಕೊಟ್ಟಿತ್ತು. ಅದರ ಜಾಗಕ್ಕೆ ಆರ್‌ಸಿಐ ಕ್ಲಿನಿಕಲ್ ಸೈಕಾಲಜಿಯಲ್ಲೇ ಪದವಿ, ಸ್ನಾತಕೋತ್ತರ ಕೋರ್ಸ್‌ಗಳನ್ನು ರೂಪಿಸಿದೆ. ಮನಶ್ಶಾಸ್ತ್ರವನ್ನು ಅಂಚೆ ಮೂಲಕ, ಆನ್‌ಲೈನ್‌ನಲ್ಲಿ ಕಲಿಸುವುದನ್ನು ಯುಜಿಸಿ 2025ರ ಜುಲೈ–ಆಗಸ್ಟ್ ಪ್ರವೇಶದಿಂದ ನಿಲ್ಲಿಸಿದೆ. ಆಪ್ತಸಮಾಲೋಚಕರು ಮತ್ತು ಇತರ ಮನಶ್ಶಾಸ್ತ್ರಜ್ಞರನ್ನು 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಕಾಯ್ದೆ ತನ್ನ ವ್ಯಾಪ್ತಿಗೆ ತಂದಿದೆ. ನಿಯಮ ಬಿಗಿಯಾಗುತ್ತಿರುವುದು ಒಳ್ಳೆಯದೇ. ಅದರ ಜೊತೆಗೆ ಸೀಟುಗಳೂ ಹೆಚ್ಚಬೇಕು, ಅದರಲ್ಲೂ ಉತ್ತರ ಕನ್ನಡದಂಥ ಜಿಲ್ಲೆಗಳ ಮಕ್ಕಳಿಗೆ ಎಟುಕುವಂತೆ ಸರ್ಕಾರಿ ಸಂಸ್ಥೆಗಳಲ್ಲಿ ಹೆಚ್ಚಬೇಕು. ಇಲ್ಲದಿದ್ದರೆ ನಕಲಿ ಬೋರ್ಡುಗಳೇ ಆ ಜಾಗ ತುಂಬುತ್ತವೆ.

ವಿದ್ಯಾರ್ಥಿಗಳೇ, ಫೀಸು ಕಟ್ಟುವ ಮುನ್ನ ಆ ಕೋರ್ಸ್‌ಗೆ, ಆ ಕಾಲೇಜಿಗೆ, ಆ ವರ್ಷಕ್ಕೆ ಆರ್‌ಸಿಐ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ಪಟ್ಟಿಯಲ್ಲೇ ನೋಡಿ. ಏಜೆಂಟರ ಮಾತು ನಂಬಬೇಡಿ. ಚಿಕಿತ್ಸೆಗೆ ಹೋಗುವವರು ಕ್ಲಿನಿಕಲ್ ಸೈಕಾಲಜಿಸ್ಟರ ಸಿಆರ್‌ಆರ್ ನಂಬರ್ ಕೇಳಿ. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ, ಸರ್ಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಿ.